ಸಾವಿನ ಮನೆಯಲ್ಲಿ ನಮ್ಮ ಕೆಲಸವೇನು?

(ಮೊಹಲ್ಲಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕ್ರಿ.ಶ. 629ರಲ್ಲಿ ಮುಅ್ತಾ ರಣರಂಗದಲ್ಲಿ ಜಅಫರ್ ಬಿನ್ ಅಬೀತಾಲಿಬ್(ರ) ಹುತಾತ್ಮರಾದರು. ಪ್ರವಾದಿವರ್ಯರು(ಸ) ಸ್ವತಃ ಅವರ ಮನೆಗೆ ತೆರಳಿ ಮಕ್ಕಳನ್ನು ಬಳಿಗೆ ಕರೆದು ಅಪ್ಪಿಕೊಂಡರು. ಅವರ ಕಣ್ಣುಗಳು ತುಂಬಿ ಹರಿದವು. ಆ ಕಣ್ಣೀರಿನಿಂದಲೇ ಪತ್ನಿ ಅಸ್ಮಾ ಬಿಂತ್ ಉಮೈಸ್(ರ)ರಿಗೆ ಸಂಗತಿಯ ಸುಳಿವು ಸಿಕ್ಕಿತು. ಬಳಿಕ ಪ್ರವಾದಿವರ್ಯರು ನೀಡಿದ ಸೂಚನೆ ಬಹಳ ಸರಳವಾದುದು: ದುಃಖದಲ್ಲಿರುವ ಆ ಮನೆಗೆ ಅಡುಗೆ ಮಾಡಿ ಕಳುಹಿಸಬೇಕು.

ನಮ್ಮ ಅನೇಕ ಮೊಹಲ್ಲಾಗಳಲ್ಲಿ ಇದು ತಲೆಕೆಳಗಾಗಿದೆ. ಮಯ್ಯಿತ್ ಮನೆಯಲ್ಲೇ ದೊಡ್ಡ ಒಲೆ ಉರಿಯುತ್ತದೆ. ಮಗನನ್ನು ಕಳೆದುಕೊಂಡ ತಂದೆ ಅಕ್ಕಿಗೂ ಮಾಂಸಕ್ಕೂ ಸಾಲ ಹುಡುಕುತ್ತಾನೆ. ನಾವು ಉಂಡು, ಕೈ ತೊಳೆದು, ಸಾಂತ್ವನ ಹೇಳಿ ಬಂದೆವೆಂದು ಭಾವಿಸುತ್ತೇವೆ.

ನಮ್ಮದೇ ಒಂದು ತಪ್ಪನ್ನೂ ಹೇಳಬೇಕು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯಲ್ಲಿ ರನ್‌ವೇ ದಾಟಿ ಕಂದಕಕ್ಕೆ ಉರುಳಿತು. 158 ಮಂದಿ ಮೃತಪಟ್ಟರು, ಉಳಿದವರು 8 ಮಂದಿ. ಆಗ ನಾವು ಪತ್ರಿಕಾವೃತ್ತಿಗೆ ಹೊಸಬರು. ಒಂದು ಮನೆಯ ಹೊಸ್ತಿಲಲ್ಲಿ ನಿಂತು ಮೃತನ ಭಾವಚಿತ್ರ ಕೇಳಿದೆವು. ಸಾಲದೆಂಬಂತೆ, ಮದ್ರಸದಲ್ಲಿ ಕಲಿತ ಸಹನೆಯ ಪಾಠವನ್ನೂ ತಾಯಿಗೆ ಒಪ್ಪಿಸಿದೆವು. ಆಕೆ ನಮ್ಮ ಮುಖ ನೋಡಲಿಲ್ಲ. ಅಷ್ಟರಲ್ಲಿ ನೆರೆಮನೆಯ ವೃದ್ಧೆಯೊಬ್ಬರು ಗಂಜಿಯ ಪಾತ್ರೆ ಹಿಡಿದು ಹಿತ್ತಿಲ ಬಾಗಿಲಿನಿಂದ ಬಂದರು. (ಅವರು ಯಾವ ಧರ್ಮದವರೆಂದು ಅಲ್ಲಿ ಯಾರೂ ಯೋಚಿಸಲಿಲ್ಲ.) ಬಹಳ ಹೊತ್ತು ಪಕ್ಕದಲ್ಲಿ ಸುಮ್ಮನೆ ಕುಳಿತರು. ಆಮೇಲೆ, "ಚಿಕ್ಕವನಿದ್ದಾಗ ನಮ್ಮ ಪೇರಳೆ ಮರ ಬಿಟ್ಟು ಇಳಿಯುತ್ತಿರಲಿಲ್ಲ ಅವನು" ಎಂದರು. ತಾಯಿ ಗಟ್ಟಿಯಾಗಿ ಅತ್ತರು. ಸುದ್ದಿ ಬಂದಂದಿನಿಂದ ಆಕೆ ಅತ್ತಿರಲೇ ಇಲ್ಲವೆಂದು ನಮಗೆ ಅನಂತರ ತಿಳಿಯಿತು. ಭಾವಚಿತ್ರ ಪಡೆಯದೆ ಹಿಂದಿರುಗಿದೆವು.

ಸಹನೆಯೆಂದರೆ ಅಳದಿರುವುದೆಂದು ನಮಗೆ ಯಾರು ಕಲಿಸಿದರೋ! ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಪ್ರವಾದಿವರ್ಯರು ಅತ್ತರು. ಅಚ್ಚರಿಪಟ್ಟ ಅನುಚರರಿಗೆ ಅದು ಕರುಣೆಯೆಂದು ತಿಳಿಸಿದರು. ಅವರು ನಿಷೇಧಿಸಿದ್ದು ಬಟ್ಟೆ ಹರಿದುಕೊಂಡು, ಕೆನ್ನೆ ಬಡಿದುಕೊಂಡು ಗೋಳಾಡುವುದನ್ನು. ಆದ್ದರಿಂದ ಅಳುವವರನ್ನು ತಡೆಯುವ ಅವಸರ ನಮಗೆ ಬೇಡ. ಮರಣ ಹೇಗಾಯಿತೆಂದು ಬಂದವರೆಲ್ಲ ಮತ್ತೆ ಮತ್ತೆ ಕೇಳುವುದೂ ಬೇಡ.

ಮೂರನೆಯ ದಿನಕ್ಕೆ ಕುರ್ಚಿಗಳು ಹಿಂದಿರುಗುತ್ತವೆ. ಆದರೆ ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಮರಣ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಮಕ್ಕಳ ಶಾಲಾ ಶುಲ್ಕ ಎಲ್ಲವೂ ಎದುರಾಗುವುದು ಆ ದಿನಗಳಲ್ಲೇ. ಈ ಮೊಹಲ್ಲಾದಲ್ಲಿಯೂ ಇದ್ದತ್‌ನಲ್ಲಿರುವ ಸಹೋದರಿಯರಿದ್ದಾರೆ. ಕಳೆದ ವಾರ ಅವರ ಮನೆಗೆ ಹೋದವರು ನಮ್ಮಲ್ಲಿ ಯಾರಿದ್ದಾರೆ?