ಕಾಣಿಕೆಯ ಆನೆ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಅಂಗದೇಶದ ಅರಸನಾದ ರೋಮಪಾದನ ಕಥೆಯು ಗಜಶಾಸ್ತ್ರವನ್ನು ಓದಿದವರಿಗೆ ವಿದಿತವೇ ಆಗಿದೆ. ಕಾಡಾನೆಗಳು ಊರಿನ ಪೈರನ್ನು ತುಳಿದು ಹಾಳುಮಾಡುತ್ತಿರಲು, ಆ ಅರಸನು ಗಜಯೂಥವನ್ನು ಹಿಡಿಸಿ ತನ್ನ ರಾಜಧಾನಿಯಾದ ಚಂಪೆಗೆ ತರಿಸಿ ಕಟ್ಟಿಹಾಕಿಸಿದನು. ಆ ಯೂಥದೊಡನೆಯೇ ಅರಣ್ಯದಲ್ಲಿ ಸಂಚರಿಸುತ್ತಿದ್ದ ಪಾಲಕಾಪ್ಯನೆಂಬ ಮುನಿಯು ತನ್ನ ಆನೆಗಳನ್ನು ಕಾಣದೆ, ಹುಡುಕುತ್ತ ಹುಡುಕುತ್ತ ಚಂಪೆಗೆ ಬಂದನು. ಬಂದವನು ಅರಮನೆಯ ಬಾಗಿಲಿಗೆ ಹೋಗಿ ವಾದ ಮಾಡಲಿಲ್ಲ, ಶಪಿಸಲೂ ಇಲ್ಲ. ಬಡಕಲಾಗಿ ಹುಣ್ಣುಬಿದ್ದು ನಿಂತಿದ್ದ ಆ ಪ್ರಾಣಿಗಳ ನಡುವೆ ನಿಂತು ಗಾಯಗಳಿಗೆ ಔಷಧವನ್ನು ಹಚ್ಚತೊಡಗಿದನು. ಯಾರು ಕೇಳಿದರೂ ಮಾತಾಡಲಿಲ್ಲ. ಕಡೆಗೆ ಅರಸನೇ ಬಂದು ಪ್ರಾರ್ಥಿಸಿದ ಮೇಲೆ ಗಜವೈದ್ಯವನ್ನು ಉಪದೇಶಿಸಿದನು. ನೀಲಕಂಠನ ಮಾತಂಗಲೀಲೆಯು ಈ ವೃತ್ತಾಂತದಿಂದಲೇ ಆರಂಭವಾಗುವದು. ಹೊಸದಾಗಿ ಸೆರೆಸಿಕ್ಕ ಆನೆಯು ಕಾಡಿನ ಸುಖವನ್ನು ನೆನೆನೆನೆದು ಸೊರಗುವ ಬಗೆಯನ್ನೂ ಅದೇ ಗ್ರಂಥವು ಮುಂದೆ ಹೇಳುವದು.

ರೋಮಪಾದನು ಕ್ರೂರಿಯಲ್ಲ. ಒಕ್ಕಲಿನ ರಕ್ಷಣೆಯೇ ಅವನ ಉದ್ದೇಶ. ಅಪ್ಪಣೆ ಕೊಟ್ಟನು, ಅಪ್ಪಣೆ ನೆರವೇರಿತು. ಆ ಬಳಿಕ ಕಟ್ಟಿದ ಆನೆಯ ಕಾಲನ್ನು ಬಗ್ಗಿ ನೋಡುವದು ಆಸ್ಥಾನದಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ಪಾಲಕಾಪ್ಯನು ಮಾಡಿದ್ದು ಆ ಒಂದು ಕೆಲಸವನ್ನು.

ಇದು ಪುರಾಣಕಾಲದ ಮಾತೆಂದು ಬದಿಗಿಡುವ ಹಾಗಿಲ್ಲ. ಇತ್ತೀಚಿನ ಕಾಲದಲ್ಲಿ ಮೂರು ದೇಶಗಳ ನ್ಯಾಯಾಲಯಗಳ ಮುಂದೆ ಮೂರು ಆನೆಗಳ ಸಂಗತಿಯು ಬಂದಿತು. ಅವುಗಳಲ್ಲಿ ಎರಡು, ಕಾಣಿಕೆಯಾಗಿ ಕೊಡಲ್ಪಟ್ಟವು. ಆನೆಯನ್ನು ಕಾಣಿಕೆ ಕೊಡುವದು ನಮ್ಮ ಸೀಮೆಯಲ್ಲಿ ದೊಡ್ಡ ಮರ್ಯಾದೆ. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ವೈಭವ. ಆನೆಯ ಪಾಲಿಗೆ ಬರುವದೇನೆಂಬ ವಿಚಾರವನ್ನು ಮಾತ್ರ ದಾನಿಯೂ ಮಾಡುವದಿಲ್ಲ, ಪ್ರತಿಗ್ರಹಿಯೂ ಮಾಡುವದಿಲ್ಲ.

1985ನೆಯ ಇಸವಿಯಲ್ಲಿ ಶ್ರೀಲಂಕೆಯ ಸರಕಾರವು ಪಾಕಿಸ್ತಾನಕ್ಕೆ ಒಂದು ಆನೆಮರಿಯನ್ನು ಕಾಣಿಕೆಯಾಗಿ ಕಳುಹಿತು. ಅದರ ಹೆಸರು ಕಾವನ್. ಇಸ್ಲಾಮಾಬಾದಿನ ಮರಗಜಾರ್ ಮೃಗಾಲಯದಲ್ಲಿ ಅದನ್ನು ಇಟ್ಟರು. ಮುಂದೆ ಬಾಂಗ್ಲಾದೇಶದಿಂದ ಸಹೇಲಿ ಎಂಬ ಹೆಣ್ಣಾನೆಯು ಜೊತೆಗೆ ಬಂದಿತು. 2012ರಲ್ಲಿ ಸಹೇಲಿ ಸತ್ತಿತು. ಅಲ್ಲಿಂದಾಚೆಗೆ ಎಂಟು ವರುಷ ಕಾವನ್ ಒಂಟಿ. ಆನೆಯು ಕುಲದೊಡನೆ ಬಾಳುವ ಪ್ರಾಣಿ. ತನ್ನವರ ಸ್ಪರ್ಶವಿಲ್ಲದೆ, ಬೇಸಗೆಯಲ್ಲಿ ಬೆಂಕಿಯಂತೆ ಕಾಯುವ ಆ ಊರಿನ ಇಕ್ಕಟ್ಟಾದ ಅಂಗಳದಲ್ಲಿ, ಬಹುಕಾಲ ಸಂಕೋಲೆಯಲ್ಲಿ, ತಲೆಯನ್ನು ಅತ್ತಿತ್ತ ತೂಗುತ್ತ ನಿಂತಿರುತ್ತಿತ್ತು. ನೋಡಬಂದ ಮಕ್ಕಳು ಆನೆ ಕುಣಿಯುತ್ತದೆಂದು ನಗುತ್ತಿದ್ದಿರಬೇಕು. ಅದು ಕುಣಿತವಲ್ಲ, ಚಿತ್ತಭ್ರಂಶವೆಂದು ಬಲ್ಲವರು ಹೇಳಿದರು.

ಪಶುವೈದ್ಯವನ್ನು ಓದುತ್ತಿದ್ದ ಒಬ್ಬ ತರುಣಿಯು ಇದನ್ನು ಕಂಡು 2015ರ ಸುಮಾರಿಗೆ ಜನರ ಸಹಿಗಳನ್ನು ಕೂಡಿಸಲಾರಂಭಿಸಿದಳು. ಲಕ್ಷಾಂತರ ಜನರು ಸಹಿ ಹಾಕಿದರು. ಅಮೇರಿಕೆಯ ಪ್ರಸಿದ್ಧ ಗಾಯಕಿ ಶೇರ್ ಕೂಡ ದನಿಗೂಡಿಸಿದಳು. ಅಧಿಕಾರಿಗಳ ಕಡೆಯಿಂದ ಬಂದ ಸಮಾಧಾನವೇನೆಂದರೆ, ಆನೆಗೆ ಬೇಕಾಗಿರುವದು ಹೊಸದೊಂದು ಜೊತೆಯೇ ಹೊರತು ಬಿಡುಗಡೆಯಲ್ಲ ಎಂದು! ಒಂದು ಸೆರೆಯ ದುಃಖಕ್ಕೆ ಇನ್ನೊಂದು ಸೆರೆಯೇ ಮದ್ದೆಂದು ತೋರಿದ್ದು ವಿಚಿತ್ರವಾದರೂ, ಕಚೇರಿಯ ಕಾಗದದ ಮೇಲೆ ಅದು ಸಯುಕ್ತಿಕವಾಗಿಯೇ ಕಂಡಿರಬೇಕು.

2020ರ ಮೇ 21ರಂದು ಇಸ್ಲಾಮಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಅಥರ್ ಮಿನಲ್ಲಾ ಅವರು ಈ ವಿಷಯದಲ್ಲಿ ತೀರ್ಪನ್ನಿತ್ತರು. ಮೂಕಪ್ರಾಣಿಗಳಿಗೂ ಹಕ್ಕುಗಳುಂಟೆಂದೂ, ಕಾವನ್ ಆನೆಯನ್ನು ಅದರ ಸ್ವಭಾವಕ್ಕೆ ಒಪ್ಪುವ ಅಭಯಧಾಮಕ್ಕೆ ಕಳುಹತಕ್ಕದ್ದೆಂದೂ ನಿರ್ಣಯಿಸಿದರು. ತಮ್ಮ ಧರ್ಮಗ್ರಂಥವಾದ ಕುರಾನನ್ನು ಆಧಾರವಾಗಿಟ್ಟುಕೊಂಡದ್ದಲ್ಲದೆ, ಭಾರತದ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಜಲ್ಲಿಕಟ್ಟಿನ ವಿಷಯವಾಗಿ ಕೊಟ್ಟ ತೀರ್ಪನ್ನೂ ಪರಾಮರ್ಶಿಸಿದರು. ದೇಶ ದೇಶಗಳ ನಡುವೆ ಮಾತು ನಿಂತ ಕಾಲದಲ್ಲಿಯೂ ಕರುಣೆಯ ವಿಚಾರವು ಗಡಿಯನ್ನು ದಾಟಿತೆಂಬುದು ಸಂತೋಷದ ಸಂಗತಿ. ಕೊರೋನಾ ಮಾರಿಯ ಭಯದಿಂದ ಮನುಷ್ಯರೆಲ್ಲರೂ ಮನೆಗಳಲ್ಲಿ ಸೆರೆಯಾಗಿದ್ದ ದಿನಗಳವು. ಸೆರೆಯ ಅರ್ಥವನ್ನು ತಿಳಿಯಲು ಮನುಷ್ಯನಿಗೆ ಇದೊಂದು ಸಮಯವೆಂಬ ಭಾವವೂ ಆ ತೀರ್ಪಿನಲ್ಲಿದೆ.

ತೀರ್ಪೊಂದರಿಂದಲೇ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಅದೇ ಆಜ್ಞೆಯಂತೆ ಮೃಗಾಲಯದ ಉಳಿದ ಪ್ರಾಣಿಗಳನ್ನೂ ಸಾಗಿಸಬೇಕಾಗಿತ್ತು. ಜುಲೈ ತಿಂಗಳಲ್ಲಿ ಎರಡು ಸಿಂಹಗಳು ಪೆಟ್ಟಿಗೆಯನ್ನು ಹೊಗಲೊಲ್ಲವಾದಾಗ, ಆಳುಗಳು ಪಂಜರದೊಳಗೆ ಒಣಹುಲ್ಲಿಗೆ ಬೆಂಕಿಯಿಟ್ಟು ಹೆದರಿಸಿದರು. ಹೊಗೆಯಿಂದ ಎರಡೂ ಸತ್ತವು. ಬಿಡುಗಡೆಯ ಅಪ್ಪಣೆಯೇ ಅವುಗಳಿಗೆ ಮೃತ್ಯುವಾಯಿತು. ಏಕೆಂದರೆ ಅಪ್ಪಣೆಯನ್ನು ನಡೆಸಿದ ಕೈಗಳಿಗೆ ದಿನವಿಡೀ ಕಾಯುವಷ್ಟು ತಾಳ್ಮೆ ಇರಲಿಲ್ಲ.

ಆನೆಗೆ ಆ ಗತಿ ಬರಲಿಲ್ಲ. ಈಜಿಪ್ತ ಮೂಲದ ಪಶುವೈದ್ಯರಾದ ಅಮೀರ್ ಖಲೀಲ್ ಎಂಬವರು ಬಂದು ಪರೀಕ್ಷಿಸಿದರು. ಮೈಯಲ್ಲಿ ಅತಿಭಾರ, ಆದರೆ ಪೋಷಣೆಯಿಲ್ಲ. ಗಟ್ಟಿ ನೆಲದ ಮೇಲೆ ನಿಂತು ನಿಂತು ಪಾದ, ಉಗುರುಗಳೆಲ್ಲ ಕೆಟ್ಟಿದ್ದವು. ಅವರು ವಾರಗಟ್ಟಲೆ ಅದರ ಬಳಿಯಲ್ಲಿಯೇ ಇದ್ದು, ಹಣ್ಣು ತಿನ್ನಿಸಿ, ತಮಗೆ ಪ್ರಿಯವಾದ ಆಂಗ್ಲ ಹಾಡುಗಳನ್ನು ಹಾಡಿ, ಕಬ್ಬಿಣದ ದೊಡ್ಡ ಪೆಟ್ಟಿಗೆಯೊಳಗೆ ಅದು ತಾನಾಗಿಯೇ ಹೆಜ್ಜೆಯಿಡುವಂತೆ ರೂಢಿಮಾಡಿದರು. ಖಲೀಲರ ಗಾಯನವು ಎಂಥದಿತ್ತೋ, ಆನೆಯಂತೂ ಕಿವಿಗೊಟ್ಟಿತು. ಚಂಪೆಯ ಆ ಮುನಿಯನ್ನು ಇಲ್ಲಿ ನೆನೆಯದಿರುವದು ಹೇಗೆ? ನವೆಂಬರ್ 29ರಂದು ಭಾರಿ ಸರಕಿನ ವಿಮಾನದಲ್ಲಿ ಹೊರಟ ಕಾವನ್, ಮರುದಿನ ಕಾಂಬೋಡಿಯಾ ದೇಶದಲ್ಲಿ ಇಳಿಯಿತು. ಅಲ್ಲಿಯ ಧಾಮದಲ್ಲಿ ಬೇಲಿಯಾಚೆಯಿಂದ ಇನ್ನೊಂದು ಆನೆಯು ಸೊಂಡಿಲನ್ನು ಚಾಚಿತು, ಇದೂ ಚಾಚಿತು. ಎಂಟು ವರುಷಗಳ ಮೇಲೆ ಸ್ವಜಾತಿಯ ಮೊದಲ ಸ್ಪರ್ಶವದು.

ಕಾವನ್ ಆನೆಯ ವಿಷಯದಲ್ಲಿ ಅಲಕ್ಷ್ಯವಿತ್ತು; ಆದುದರಿಂದ ಅಧಿಕಾರದ ತಪ್ಪು ಎಲ್ಲರಿಗೂ ಕಾಣಿಸಿತು. ತಪ್ಪೇ ಇಲ್ಲದಲ್ಲಿ ಏನು ಹೇಳಬೇಕು? ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ 1977ರಲ್ಲಿ ಬಂದ ಹ್ಯಾಪಿ ಎಂಬ ಹೆಣ್ಣಾನೆಯಿತ್ತು. ಮರಿಯಾಗಿದ್ದಾಗ ಏಷ್ಯಾ ಖಂಡದಲ್ಲಿ ಹಿಡಿದು ಒಯ್ದದ್ದು. ಕನ್ನಡಿಯ ಮುಂದೆ ನಿಲ್ಲಿಸಿದಾಗ ತನ್ನ ಹಣೆಯ ಮೇಲಿನ ಬಿಳಿಯ ಗುರುತನ್ನು ಸೊಂಡಿಲಿನಿಂದ ಮುಟ್ಟಿಮುಟ್ಟಿ ನೋಡಿಕೊಂಡು, ಕನ್ನಡಿಯೊಳಗಿರುವದು ತಾನೇ ಎಂದು ಅರಿತುಕೊಂಡ ಆನೆಯೆಂದು 2006ರಲ್ಲಿ ವಿದ್ವಾಂಸರು ಪ್ರಕಟಿಸಿದರು. ತನ್ನನ್ನು ತಾನು ಬಲ್ಲ ಆ ಪ್ರಾಣಿಯನ್ನು ಬೇರೆ ಆನೆಗಳಿಂದ ಅಗಲಿಸಿ ವರುಷಗಟ್ಟಲೆ ಇಟ್ಟಿದ್ದರು. ಅಕ್ರಮವಾಗಿ ಸೆರೆಯಲ್ಲಿಟ್ಟ ಮನುಷ್ಯನನ್ನು ಬಿಡಿಸಲು ಇರುವ ಹೇಬಿಯಸ್ ಕಾರ್ಪಸ್ ಎಂಬ ರಿಟ್ಟನ್ನು ಅದಕ್ಕಾಗಿ ಕೇಳಿದರು. ಮೃಗಾಲಯದವರು, ಆಹಾರಕ್ಕೆ ಕೊರತೆಯಿಲ್ಲ, ವೈದ್ಯರಿದ್ದಾರೆ, ಯಾವ ಕಾನೂನನ್ನೂ ಮೀರಿಲ್ಲವೆಂದರು. ಅದು ಸುಳ್ಳಲ್ಲ. 2022ರ ಜೂನ್ 14ರಂದು ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯದ ಏಳು ಮಂದಿಯಲ್ಲಿ ಐವರು, ಆ ರಿಟ್ಟು ಮನುಷ್ಯರಿಗೆ ಮಾತ್ರವೆಂದು ಬೇಡಿಕೆಯನ್ನು ತಳ್ಳಿದರು. ಇಬ್ಬರು ಮಾತ್ರ ಭಿನ್ನಾಭಿಪ್ರಾಯವನ್ನು ಬರೆದಿಟ್ಟರು. ಆನೆಯು ವ್ಯಕ್ತಿಯೋ ಅಲ್ಲವೋ ಎಂಬ ತರ್ಕವೇ ಮುಖ್ಯವಾಗಿ, ಒಂಟಿಯಾಗಿ ನಿಂತಿರುವ ಅದರ ದಿನವು ಹೇಗೆ ಕಳೆಯುತ್ತದೆಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಎಡೆ ದೊರೆಯಲಿಲ್ಲ. ನ್ಯಾಯಶಾಸ್ತ್ರದಲ್ಲಿ ಬುದ್ಧಿಯನ್ನು ಸವೆಸಿದವರು ಈ ಬಗೆಯ ಗೆಲವನ್ನು ಚೆನ್ನಾಗಿ ಬಲ್ಲರು.

ಪರದೇಶದ ಮಾತು ಸಾಕು. ಕೊಲ್ಹಾಪುರದ ಬಳಿಯ ಜೋತಿಬಾನ ಗುಡ್ಡಕ್ಕೆ ಕರ್ನಾಟಕದಿಂದಲೂ ಭಕ್ತರು ಹೋಗುವರು. 2007ರಲ್ಲಿ ಆ ದೇವಸ್ಥಾನಕ್ಕೆ ಸುಂದರ ಎಂಬ ಎಳೆಯ ಆನೆಯು ಕಾಣಿಕೆಯಾಗಿ ಬಂದಿತು. ದೇವರ ಹೆಸರಿನಲ್ಲಿ ಬಂದ ಆನೆಗೆ ದೊರೆತದ್ದು ಸರಪಳಿ ಮತ್ತು ಏಟು. ಬಿಡಬೇಕೆಂದು 2012ರಲ್ಲಿಯೇ ಮಹಾರಾಷ್ಟ್ರದ ಸರಕಾರದಿಂದ ಆಜ್ಞೆಯಾಯಿತು. ಆಜ್ಞೆಯು ಕಾಗದದಲ್ಲಿ ಉಳಿದು, ಆನೆಯು ಕಂಬದಲ್ಲಿ ಉಳಿಯಿತು. 2014ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಬಿಡುಗಡೆಗೆ ಅಪ್ಪಣೆಯಿತ್ತು, ಸರ್ವೋಚ್ಚ ನ್ಯಾಯಾಲಯವೂ ಅದನ್ನು ತಡೆಯಲೊಪ್ಪದೆ ಇದ್ದ ಮೇಲೆ, ಆ ವರುಷದ ಜೂನ್ ತಿಂಗಳಲ್ಲಿ ಸುಂದರನನ್ನು ಲಾರಿಯಲ್ಲಿ ಬೆಂಗಳೂರಿನ ಬಳಿಯ ಬನ್ನೇರುಘಟ್ಟಕ್ಕೆ ತಂದು, ಬೇರೆ ಆನೆಗಳಿರುವ ಕಾಡಿನಲ್ಲಿ ಬಿಟ್ಟರು.

ಆನೆ ಹೋದರೆ ದೇವರ ವೈಭವಕ್ಕೆ ಕುಂದೆಂದು ಅಂಜುವವರು ದೇವಸ್ಥಾನಗಳಲ್ಲಿಯೂ ಇದ್ದಾರೆ, ಮಠಗಳಲ್ಲಿಯೂ ಇದ್ದಾರೆ. ಅಂಥವರು ಒಂದು ವರುಷ ಚೈತ್ರದ ಹುಣ್ಣಿವೆಗೆ ಜೋತಿಬಾನ ಗುಡ್ಡವನ್ನು ಹತ್ತಿ ನೋಡಲಿ. ಆ ಯಾತ್ರೆಯ ಶೋಭೆಯೆಂದರೆ ಊರೂರಿನವರು ಹೊತ್ತು ತರುವ ಸಾಸನಕಾಠಿಗಳು. ಮುಗಿಲಿಗೆ ಮುಟ್ಟುವಂತಿರುವ ಆ ಗಳುಗಳನ್ನು ಮನುಷ್ಯರು ತಮ್ಮ ಹೆಗಲಮೇಲೆಯೇ ಹೊತ್ತು ಗುಲಾಲಿನ ಕೆಂಪಿನಲ್ಲಿ ಗುಡ್ಡವನ್ನೇರುವರು.