ಊಟ ತರುವ ಕಂಪನಿಯಲ್ಲಿ ನಮಗೇನು ಕೆಲಸ?

(ವಾರ್ಷಿಕೋತ್ಸವದಲ್ಲಿ ಆಡಿದ ಮಾತು)

ನಾನು ಭಾಷಣ ಮಾಡೋನಲ್ಲ, ಐಟಿಐ ಓದಿದ ಎಲೆಕ್ಟ್ರಿಷಿಯನ್. ಒಂದು ವಿಷಯ ಹೇಳಿ ಇಳಿದುಬಿಡ್ತೀನಿ.

ನಮ್ಮ ರೂಮಿನಲ್ಲಿ ಬೀದರ್ ಕಡೆಯ ಒಬ್ಬ ತಮ್ಮ ಇದ್ದಾನೆ, ಬೈಕಿನಲ್ಲಿ ಊಟ ತಲುಪಿಸೋ ಕೆಲಸ. ಒಂದು ರಾತ್ರಿ ಕೇಳಿದ, "ಅಣ್ಣಾ, ಈ ಆ್ಯಪ್‌ಗಳನ್ನ ಎಲ್ಲಿ ಕೂತು ಮಾಡ್ತಾರ?" ದುಬೈನಲ್ಲೇ ಇರಬೇಕು ಅಂದೆ. ವಿಚಾರಿಸಿದಾಗ ಗೊತ್ತಾದದ್ದು ಬೇರೆ. ಡೆಲಿವರೂ 2013ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿ, 2015ರಲ್ಲಿ ಇಲ್ಲಿಗೆ ಬಂತು. 2022ರಲ್ಲಿ ಎಂಜಿನಿಯರುಗಳಿಗೆ ಅಂತ ಹೊಸ ಕಚೇರಿ ತೆರೆದದ್ದು ಹೈದರಾಬಾದಿನಲ್ಲಿ! ಭಾರತದಲ್ಲಿ ಅದು ಒಂದು ಇಡ್ಲಿಯನ್ನೂ ಮನೆಗೆ ತಲುಪಿಸೋದಿಲ್ಲ. ಬೀದರಿನ ಹುಡುಗ ಇಲ್ಲಿ ಬಿಸಿಲಲ್ಲಿ ಬೈಕ್ ಓಡಿಸ್ತಾನೆ, ಆ್ಯಪ್ ಬರೆಯುವ ಕೆಲಸ ಅವನ ಊರಿಂದ ಮೂರು ಗಂಟೆ ದಾರಿಯಲ್ಲಿ ಹುಟ್ಟಿತು. ಅವನು ನಕ್ಕ, ನನಗೆ ನಗು ಬರಲಿಲ್ಲ.

ಕೋಡ್ ಬರೆಯೋರ ಮಾತು ನಮಗ್ಯಾಕೆ ಅಂತೀರಾ? 2023ರಲ್ಲಿ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ತಲಬಾತ್ ಕಂಪನಿ ಮೂರು ಪುಟ್ಟ ರೋಬೋಗಳನ್ನು ಊಟ ತಲುಪಿಸೋಕೆ ಬಿಟ್ಟಿತು. ಅವುಗಳ ಬ್ಯಾಟರಿ ನೋಡ್ಕೊಳ್ಳೋಕೆ ಮನುಷ್ಯ ಬೇಕೇ ಬೇಕು.

ಇನ್ನು ನನ್ನದೇ ಅನುಭವ. ಗಿರಾಕಿ ಕಾಲಿಡದ, ಬರೀ ಆ್ಯಪ್ ಆರ್ಡರ್ ಕಟ್ಟಿ ಕಳಿಸುವ ಅಂಗಡಿಗಳಿವೆಯಲ್ಲ, ಅಂಥದ್ದೊಂದಕ್ಕೆ ಜುಲೈನಲ್ಲಿ ಕರೆ ಬಂತು. ಫ್ರೀಜರ್ ಲೈನ್ ಪದೇ ಪದೇ ಟ್ರಿಪ್. ಮೆಗ್ಗರ್ ಹಾಕಿ ನೋಡಿದೆ, ಒಂದು ಫ್ರೀಜರಿನ ಹೀಟರಿನಲ್ಲಿ ನೀರು ಸೇರಿ ಅರ್ತ್‌ಗೆ ಲೀಕ್ ಆಗ್ತಿತ್ತು. ಅದನ್ನ ಬಿಡಿಸಿ ಉಳಿದದ್ದು ಆನ್ ಮಾಡಿದೆ, ಇಪ್ಪತ್ತು ನಿಮಿಷದ ಕೆಲಸ. ಆದರೂ ಆರ್ಡರ್ ಬರಲಿಲ್ಲ. ರೂಟರಿನ ಕೇಬಲ್ ತುದಿ ಹೋಗಿತ್ತು, ಯುಪಿಎಸ್ ಬ್ಯಾಟರಿ ಸತ್ತಿತ್ತು. "ಅದು ನಮ್ಮ ಕೆಲಸ ಅಲ್ಲ" ಅಂತ ಕೈಕಟ್ಟಿ ನಿಂತೆ. ನೆಟ್‌ವರ್ಕ್ ಹುಡುಗ ಬರೋಕೆ ಒಂದೂವರೆ ಗಂಟೆ. ಹೊರಗೆ ಎಂಟು ಹತ್ತು ಬೈಕಿನ ಹುಡುಗರು ಗೋಡೆ ನೆರಳಿಗೆ ಒರಗಿದ್ರು. ಆರ್ಡರ್ ಇಲ್ಲ ಅಂದ್ರೆ ಅವರಿಗೆ ಕಾಸಿಲ್ಲ. ಹುಡುಗ ಬಂದು ಕೇಬಲ್ ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿದ, ಐದು ನಿಮಿಷ!

ಮರುದಿನವೇ ಕ್ರಿಂಪಿಂಗ್ ಟೂಲ್ ತಗೊಂಡೆ. ನಮ್ಮ ಐಟಿಐನಲ್ಲಿ ಮೋಟರ್ ಸುತ್ತೋದು ಕಲಿಸಿದ್ರು, ಈ ಕೇಬಲ್ ಕಲಿಸಿರಲಿಲ್ಲ. ಕಲಿತ ಮೇಲೆ ಅಂಥ ಅಂಗಡಿಗಳ ಕೆಲಸಕ್ಕೆ ಫೋರ್‌ಮನ್ ಮೊದಲು ನನ್ನ ಹೆಸರು ಹಾಕ್ತಾರೆ. ಸಂಬಳ ಇನ್ನೂ ಏರಿಲ್ಲ, ಸುಳ್ಳು ಹೇಳೋದಿಲ್ಲ. ಕೇಳಿದ್ದೀನಿ.

ಭಾನುವಾರ ಸಂಜೆ ಸೋನಾಪುರದ ನಮ್ಮ ರೂಮಿಗೆ ಬನ್ನಿ, ಟೂಲ್ ನನ್ನ ಹತ್ರ ಇದೆ, ಹಳೇ ಕೇಬಲ್ ಚೂರುಗಳೂ ಇವೆ. ಬೀದರಿನ ತಮ್ಮ ಆಗಲೇ ನಾಲ್ಕು ಪ್ಲಗ್ ಹಾಳು ಮಾಡಿದ್ದಾನೆ. ಅಬುಧಾಬಿಯ ಮುಸಫ್ಫಾದವರು ಬೋಟಿಮ್‌ನಲ್ಲಿ ಸೇರಿಕೊಳ್ಳಿ.