ಅರ್ನೆಸ್ಟೊ ಹೋಸ್ಟ್ : ಒಬ್ಬ ಮಲ್ಲನ ಸೋಲು ಗೆಲವುಗಳು

ಮಲ್ಲರ ವಿಷಯವಾಗಿ ಮಾತನಾಡುವುದು ಕಾಲೇಜಿನಲ್ಲಿ ಪಾಠ ಹೇಳುವವರ ಕೆಲಸವೆ ಎಂದು ಶ್ರೋತೃಗಳಲ್ಲಿ ಕೆಲವರಿಗಾದರೂ ಶಂಕೆ ಹುಟ್ಟಬಹುದು. ಹೊಡೆದಾಟವೆಂದರೆ ಮೂಗುಮುರಿಯುವುದು ವಿದ್ಯಾವಂತರಾದ ನಮಗೆ ಒಂದು ಅಭ್ಯಾಸವಾಗಿಹೋಗಿದೆ. ಆದರೆ ಪ್ರಾಚೀನ ಗ್ರೀಕರು ತತ್ತ್ವಶಾಸ್ತ್ರವನ್ನು ಬೆಳೆಸಿದ ಕಾಲದಲ್ಲಿಯೇ ಮುಷ್ಟಿಯುದ್ಧವನ್ನೂ ಬೆಳೆಸಿದರು. ನಮ್ಮ ಮಹಾಕಾವ್ಯಗಳಲ್ಲಿ ಭೀಮಸೇನನಿಗಿರುವ ಸ್ಥಾನವನ್ನು ಯಾರೂ ಅಲ್ಲಗಳೆಯಲಾರರು. ಒಬ್ಬ ಮನುಷ್ಯನು ತನ್ನ ದೇಹವೊಂದನ್ನೇ ಬಂಡವಾಳವಾಗಿಟ್ಟುಕೊಂಡು ಇಪ್ಪತ್ತು ವರ್ಷ ಬಾಳುವೆ ಮಾಡಿದನೆಂದರೆ, ಆ ಬಾಳುವೆಯಲ್ಲಿ ನಾವು ವಿಚಾರಿಸಿ ನೋಡತಕ್ಕ ಅಂಶಗಳು ಇದ್ದೇ ಇರುತ್ತವೆ. ಅಂಥ ಒಬ್ಬನ ಚರಿತ್ರೆಯನ್ನು ಈ ದಿನ ಪರಿಶೀಲಿಸೋಣ. ಆತನ ಹೆಸರು ಅರ್ನೆಸ್ಟೊ ಹೋಸ್ಟ್. ಕಿಕ್‌ಬಾಕ್ಸಿಂಗ್ ಎಂಬ ವಿದ್ಯೆಯಲ್ಲಿ, ಭಾರೀ ತೂಕದ ಮಲ್ಲರ ನಡುವೆ, ನಾಲ್ಕು ಸಲ ಜಗಜ್ಜಟ್ಟಿ ಎನಿಸಿಕೊಂಡವನು.

ಮೊದಲು ಈ ವಿದ್ಯೆಯ ಸ್ವರೂಪವನ್ನು ತಿಳಿದುಕೊಳ್ಳುವುದು ಯುಕ್ತ. ಇಂಗ್ಲಿಷರ ಮುಷ್ಟಿಯುದ್ಧದಲ್ಲಿ ಕೈಗಳಿಗೆ ಮಾತ್ರ ಅವಕಾಶ. ಕಿಕ್‌ಬಾಕ್ಸಿಂಗಿನಲ್ಲಿ ಕೈಯೊಡನೆ ಕಾಲೂ ಆಯುಧ. ಇದರ ಮೂಲವನ್ನು ಹುಡುಕುತ್ತ ಹೋದರೆ ಎರಡು ದೇಶಗಳು ಸಿಕ್ಕುತ್ತವೆ. ಸಯಾಮಿನಲ್ಲಿ, ಅಂದರೆ ಥಾಯ್‌ಲೆಂಡಿನಲ್ಲಿ, ಮುಷ್ಟಿ, ಮೊಣಕೈ, ಮೊಣಕಾಲು, ಮುಂಗಾಲುಗಳಿಂದ ಹೋರಾಡುವ ಪದ್ಧತಿ ಬಹುಕಾಲದಿಂದ ಇದ್ದಿತು. ಜಪಾನಿನಲ್ಲಿ ಕರಾಟೆಯಿದ್ದಿತು. ೧೯೬೪ರಲ್ಲಿ ಮಸುತಾತ್ಸು ಓಯಾಮನ ಶಾಲೆಯ ಕರಾಟೆ ಪಟುಗಳು ಬ್ಯಾಂಕಾಕಿಗೆ ಹೋಗಿ ಥಾಯ್ ಮಲ್ಲರೊಡನೆ ಸೆಣಸಿದರು. ಈ ಎರಡು ಪದ್ಧತಿಗಳ ಸಂಘಟ್ಟನೆಯಿಂದ ಮೂರನೆಯದೊಂದು ಹುಟ್ಟಿತು. ೧೯೬೬ರಲ್ಲಿ ಒಸಾಮು ನೊಗುಚಿ ಎಂಬ ಜಪಾನೀಯನು ಅದಕ್ಕೆ ಕಿಕ್‌ಬಾಕ್ಸಿಂಗ್ ಎಂಬ ಇಂಗ್ಲಿಷ್ ಹೆಸರನ್ನು ಕೊಟ್ಟು ಪ್ರಚಾರಕ್ಕೆ ತಂದನು.

ಏಷ್ಯದಲ್ಲಿ ಹುಟ್ಟಿದ ಈ ವಿದ್ಯೆಯು ಯೂರೋಪಿನಲ್ಲಿ ಬೇರೂರಿದುದು ಹಾಲೆಂಡ್ ದೇಶದಲ್ಲಿ. ೧೯೭೦ರ ಸುಮಾರಿನ ದಶಕದಲ್ಲಿ ಯಾನ್ ಪ್ಲಾಸ್, ಟಾಮ್ ಹಾರಿಂಕ್ ಮೊದಲಾದ ಡಚ್ಚರು ಆಮ್‌ಸ್ಟರ್‌ಡಾಮಿನಲ್ಲಿ ಗರಡಿಗಳನ್ನು ಸ್ಥಾಪಿಸಿದರು. ಸಯಾಮಿನವರು ಒಂದೊಂದು ಒದೆತವನ್ನೂ ಬಿಡಿಬಿಡಿಯಾಗಿ, ತೂಗಿ ಅಳೆದು ಪ್ರಯೋಗಿಸುತ್ತಿದ್ದರೆ, ಡಚ್ಚರು ಇಂಗ್ಲಿಷ್ ಮುಷ್ಟಿಯುದ್ಧದ ಹೊಡೆತಗಳನ್ನು ಸಾಲಾಗಿ ಜೋಡಿಸಿ, ಆ ಸಾಲಿನ ಕೊನೆಯಲ್ಲಿ ಒದೆತವನ್ನು ಇಡುವ ಕ್ರಮವನ್ನು ರೂಢಿಸಿಕೊಂಡರು. ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬರುವಂತೆ ಅವರ ಹೊಡೆತದ ಕೊನೆಯಲ್ಲಿ ಒದೆತ ಬರುತ್ತದೆ ಎಂದು ಹೇಳಿದರೆ ಕನ್ನಡಿಗರಿಗೆ ಸುಲಭವಾಗಿ ಅರ್ಥವಾದೀತು.

ಹೋಸ್ಟನು ೧೯೬೫ನೆಯ ಜುಲೈ ೧೧ರಂದು ಹಾಲೆಂಡಿನ ಹೋರ್ನ್ ಎಂಬ ಪಟ್ಟಣದಲ್ಲಿ ಜನಿಸಿದನು. ಇದು ಹಳೆಯ ರೇವುಪಟ್ಟಣ. ೧೬೧೬ರಲ್ಲಿ ಇಲ್ಲಿಯ ನಾವಿಕರು ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಹೋಗಿ ಆ ಭೂಶಿರಕ್ಕೆ ತಮ್ಮ ಊರಿನ ಹೆಸರನ್ನೇ ಇಟ್ಟರು. ಭೂಗೋಳ ಓದಿದ ಬಾಲಕರೆಲ್ಲರೂ ಕೇಪ್ ಹಾರ್ನ್ ಎಂಬ ಹೆಸರನ್ನು ಬಲ್ಲರು. ಹೋಸ್ಟನ ವಂಶದವರು ಅದೇ ಖಂಡದ ಸುರಿನಾಮ್ ದೇಶದ ಮೂಲದವರು. ಸುರಿನಾಮ್ ಡಚ್ಚರ ವಸಾಹತಾಗಿದ್ದು ೧೯೭೫ರಲ್ಲಿ ಸ್ವತಂತ್ರವಾಯಿತು. ಹಡಗುಗಳು ಹೊರಟುಹೋದ ಊರಿಗೆ ಆ ಹಡಗುಗಳು ತಲಪಿದ ನಾಡಿನ ಸಂತತಿಯವನು ಕೀರ್ತಿ ತಂದುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಆಮ್‌ಸ್ಟರ್‌ಡಾಮಿನಲ್ಲಿ ಯೋಹಾನ್ ವೋಸ್ ಎಂಬ ಗುರುವಿನ ಗರಡಿಯಲ್ಲಿ ಈತನ ಅಭ್ಯಾಸ ನಡೆಯಿತು. ಆರಡಿಗೆ ಮೀರಿದ ಎತ್ತರವಿದ್ದರೂ ಮೊದಲಲ್ಲಿ ಆತನು ಭಾರೀ ತೂಕದವನಾಗಿರಲಿಲ್ಲ. ಬರಿಯ ಬಲದಿಂದ ಗೆಲ್ಲುವ ಸೌಕರ್ಯವಿಲ್ಲದವನು ವಿದ್ಯೆಯಿಂದ ಗೆಲ್ಲಬೇಕಾಗುತ್ತದೆ. ಎದುರಾಳಿಯ ಪಕ್ಕೆಗೆ ಎಡಗೈಯಿಂದ ಒಂದು ಕೊಕ್ಕೆಹೊಡೆತ. ಅವನು ಅದನ್ನು ತಡೆಯಲು ಮೈ ಬಗ್ಗಿಸಿ ಕಾಲಿನ ಮೇಲೆ ಭಾರ ಬಿಟ್ಟೊಡನೆ ಅದೇ ಕಾಲಿನ ತೊಡೆಗೆ ಬಲಗಾಲಿನ ಒದೆತ. ಇದು ಹೋಸ್ಟನ ಮುದ್ರೆಯೆನಿಸಿತು.

ತೊಡೆಗೆ ಒದೆಯುವುದರಲ್ಲಿ ಅಂಥ ಹೆಚ್ಚೇನು ಎಂದು ಕೇಳಬಹುದು. ಕಣಕಾಲಿನ ಗಟ್ಟಿಯಾದ ಮೂಳೆಯು ತೊಡೆಯ ಹೊರಭಾಗದ ಮಾಂಸಕ್ಕೆ ಬಡಿಯುತ್ತದೆ. ಒಂದು ಸಲ ಬಡಿದರೆ ನೋವು. ಹತ್ತು ಸಲ ಬಡಿದರೆ ಕಾಲು ಮರಗಟ್ಟಿ ಮೈಯ ಭಾರವನ್ನು ಹೊರಲಾರದಾಗುತ್ತದೆ. ತಲೆಗೆ ಬಿದ್ದ ಏಟನ್ನು ಧೈರ್ಯದಿಂದ ಸಹಿಸಿ ನಿಂತವರುಂಟು. ನಿಲ್ಲುವ ಕಾಲೇ ಸೋತಮೇಲೆ ಧೈರ್ಯವು ಯಾವುದರ ಮೇಲೆ ನಿಂತೀತು? ಇದರಿಂದ ಪಾರಾಗಲು ಕಾಲನ್ನು ಸರಿಯಾದ ಕ್ಷಣದಲ್ಲಿ ಎತ್ತಿ, ಕಣಕಾಲನ್ನು ಕಣಕಾಲಿಗೇ ಒಡ್ಡಬೇಕು. ಆ ಕ್ಷಣ ಸಿಕ್ಕದಂತೆ ಮಾಡುವುದೇ ಕೈಯ ಹೊಡೆತಗಳ ಉದ್ದೇಶ. ಹೋಸ್ಟನ ಈ ಲೆಕ್ಕಾಚಾರವನ್ನು ಕಂಡು ಪ್ರೇಕ್ಷಕರು ಅವನಿಗೆ 'ಮಿಸ್ಟರ್ ಪರ್ಫೆಕ್ಟ್', ಎಂದರೆ ಲೋಪವಿಲ್ಲದವನು, ಎಂಬ ಬಿರುದನ್ನಿತ್ತರು.

೧೯೯೩ರಲ್ಲಿ ಕಜುಯೋಶಿ ಇಶಿಯಿ ಎಂಬ ಕರಾಟೆ ಗುರುವು ಟೋಕಿಯೋ ನಗರದಲ್ಲಿ ಕೆ-ವನ್ ಎಂಬ ಹೊಸ ಪಂದ್ಯವನ್ನು ಏರ್ಪಡಿಸಿದನು. ಬೇರೆ ಬೇರೆ ಸಂಪ್ರದಾಯಗಳ ಎಂಟು ಮಂದಿ ಮಲ್ಲರು, ಒಂದೇ ರಾತ್ರಿ, ಗೆದ್ದವನು ಮತ್ತೆ ಗೆದ್ದವನೊಡನೆ ಸೆಣಸಬೇಕು. ಆದುದರಿಂದ ಕಿರೀಟವನ್ನು ಬಯಸುವವನು ಕೆಲವು ಗಂಟೆಗಳಲ್ಲಿ ಮೂರು ಯುದ್ಧಗಳನ್ನು ಮಾಡಬೇಕು. ಒಂದೊಂದು ಸುತ್ತಿಗೆ ಮೂರು ನಿಮಿಷ. ಈ ಏರ್ಪಾಟಿನಲ್ಲಿ ಬಲ ಮಾತ್ರ ಸಾಲದು. ಬಲವನ್ನು ಮಿತವಾಗಿ ವೆಚ್ಚಮಾಡುವ ಬುದ್ಧಿ ಬೇಕು, ಗಾಯವಾಗದಿರುವ ಅದೃಷ್ಟವೂ ಬೇಕು. ಈ ಕೊನೆಯ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಮುಂದೆ ಇದರಿಂದ ಪ್ರಯೋಜನವಿದೆ.

ಆ ಮೊದಲ ಪಂದ್ಯದಲ್ಲಿ ಹೋಸ್ಟನು ತನ್ನ ದೇಶದವನೇ ಆದ ಪೀಟರ್ ಆರ್ಟ್ಸ್ ಎಂಬುವನನ್ನು ಜಯಿಸಿ, ಅಮೆರಿಕದ ಮಾರಿಸ್ ಸ್ಮಿತ್ ಎಂಬುವನನ್ನು ಕೆಡವಿ, ಕಡೆಯ ಯುದ್ಧಕ್ಕೆ ಬಂದನು. ಅಲ್ಲಿ ಕ್ರೊಯೇಷಿಯದ ಬ್ರಾಂಕೊ ಚಿಕಾಟಿಚ್ ಎಂಬ ೩೮ ವರ್ಷದ ಮಲ್ಲನು ಮೊದಲನೆಯ ಸುತ್ತಿನಲ್ಲಿಯೇ ಅವನನ್ನು ಉರುಳಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ, ೭೯ ಕಿಲೋಗ್ರಾಂ ತೂಕದವರಿಗಾಗಿ ನಡೆದ ಕೆ-ಟೂ ಪಂದ್ಯದಲ್ಲಿ ಹೋಸ್ಟನಿಗೆ ಜಯ ಲಭಿಸಿತು. ಅಲ್ಲಿಯೇ ನಿಂತಿದ್ದರೆ ಆತನು ಮಧ್ಯಮ ತೂಕದ ದೊರೆಯಾಗಿ ಸುಖವಾಗಿರಬಹುದಾಗಿತ್ತು. ಆದರೆ ಆತನು ತನ್ನನ್ನು ಕೆಡವಿದ ಭಾರಿಗರ ನಡುವೆಯೇ ಹೋಗಲು ನಿಶ್ಚಯಿಸಿದನು. ೧೯೯೫ರಲ್ಲಿ ಉಪಾಂತ್ಯದಲ್ಲಿ ಆರ್ಟ್ಸನಿಂದ ಸೋಲು. ೧೯೯೬ರಲ್ಲಿ ಅದೇ ಘಟ್ಟದಲ್ಲಿ ಸ್ವಿಟ್ಜರ್ಲೆಂಡಿನ ಆಂಡಿ ಹುಗ್ ಎಂಬುವನಿಂದ, ಹೆಚ್ಚಿನ ಎರಡು ಸುತ್ತುಗಳ ತರುವಾಯ, ಸೋಲು. ಲೋಪವಿಲ್ಲದವನೆಂಬ ಬಿರುದು ಹೊತ್ತವನಿಗೆ ಮೊದಲನೆಯ ಕಿರೀಟ ದೊರೆಯುವುದಕ್ಕೆ ನಾಲ್ಕು ವರ್ಷಗಳು ಹಿಡಿದವು.

೧೯೯೭ನೆಯ ನವೆಂಬರ್ ೯ರಂದು ಟೋಕಿಯೋ ಡೋಮ್ ಎಂಬ ಭಾರಿ ರಂಗಮಂದಿರದಲ್ಲಿ ಅದೇ ಆಂಡಿ ಹುಗ್‌ನನ್ನು ಸೋಲಿಸಿ ಆತನು ಜಗಜ್ಜಟ್ಟಿಯಾದನು. ಆಗ ಅವನ ವಯಸ್ಸು ೩೨. ೧೯೯೯ರಲ್ಲಿ ಕ್ರೊಯೇಷಿಯದ ಮಿರ್ಕೊ ಫಿಲಿಪೊವಿಚ್‌ನನ್ನು ಗೆದ್ದು ಎರಡನೆಯ ಸಲ ಕಿರೀಟ ಧರಿಸಿದನು. ೨೦೦೦ದಲ್ಲಿ ನ್ಯೂಜಿಲೆಂಡಿನ ರೇ ಸೆಫೋ ಎದುರು ಮೂರನೆಯ ಸಲ. ಆದರೆ ಆ ವರ್ಷದ ಪಂದ್ಯಕ್ಕೆ ಆಂಡಿ ಹುಗ್ ಬರಲಿಲ್ಲ. ಆಗಸ್ಟ್ ೨೪ರಂದು, ತನ್ನ ೩೫ನೆಯ ವಯಸ್ಸಿನಲ್ಲಿ, ಆತನು ರಕ್ತದ ಕ್ಯಾನ್ಸರಿನಿಂದ ಟೋಕಿಯೋ ನಗರದಲ್ಲಿ ತೀರಿಕೊಂಡಿದ್ದನು. ಯಾರ ಏಟಿಗೂ ಹೆದರದ ದೇಹವನ್ನು ಕಣ್ಣಿಗೆ ಕಾಣದ ರೋಗವು ಕೆಲವೇ ದಿನಗಳಲ್ಲಿ ಕೆಡವಿತು.

ಈಗ ನಾವು ಈ ಚರಿತ್ರೆಯ ವಿವಾದಾಸ್ಪದವಾದ ಭಾಗಕ್ಕೆ ಬರುತ್ತೇವೆ. ೨೦೦೨ರಲ್ಲಿ ಬಾಬ್ ಸ್ಯಾಪ್ ಎಂಬ ಅಮೆರಿಕದವನು ಕಣಕ್ಕೆ ಬಂದನು. ಆತನು ಹಿಂದೆ ಅಮೆರಿಕದ ಫುಟ್‌ಬಾಲ್ ಆಡುತ್ತಿದ್ದವನು. ನೂರೈವತ್ತು ಕಿಲೋಗ್ರಾಂಗಳಿಗೂ ಮೀರಿದ ತೂಕ. ಮಲ್ಲವಿದ್ಯೆಯಲ್ಲಿ ಪರಿಶ್ರಮ ಅಲ್ಪ. ಅಕ್ಟೋಬರ್ ೫ರಂದು ಸೈತಾಮ ಎಂಬಲ್ಲಿ ಈತನು ಹೋಸ್ಟನ ಮೇಲೆ ಬಂಡೆಯಂತೆ ಉರುಳಿ ಬಂದನು. ಹೋಸ್ಟನ ಮುಖ ಸೀಳಿತು. ವೈದ್ಯನು ಪಂದ್ಯವನ್ನು ನಿಲ್ಲಿಸಿದನು. ಹದಿನೈದು ವರ್ಷಗಳಿಗೂ ಮಿಕ್ಕ ವ್ಯಾಸಂಗವು ಬರಿಯ ಭಾರದ ಮುಂದೆ ತಲೆಬಾಗಿತು. ಹೋಸ್ಟನು ಕಡೆಯ ಎಂಟು ಮಂದಿಯಲ್ಲಿ ಸ್ಥಾನ ಕಳೆದುಕೊಂಡನು. ಆದರೆ ಸೆಮ್ಮಿ ಸ್ಕಿಲ್ಟ್ ಎಂಬ ಇನ್ನೊಬ್ಬ ಡಚ್ಚನು ಪಂದ್ಯದಿಂದ ಹಿಂದೆಗೆಯಲಾಗಿ, ಆ ಸ್ಥಳಕ್ಕೆ ಹೋಸ್ಟನನ್ನು ಕರೆದರು. ಎದುರಾಳಿ ಅದೇ ಸ್ಯಾಪ್.

ಡಿಸೆಂಬರ್ ೭ರ ರಾತ್ರಿ ಟೋಕಿಯೋ ಡೋಮಿನಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಹೋಸ್ಟನು ಪಕ್ಕೆಯ ಹೊಡೆತದಿಂದ ಆ ಪರ್ವತವನ್ನು ಒಮ್ಮೆ ಕೆಳಗೂರಿಸಿದನು. ಆದರೆ ಸ್ಯಾಪ್ ಎದ್ದನು. ಎರಡನೆಯ ಸುತ್ತಿನಲ್ಲಿ ಹೋಸ್ಟನನ್ನು ಮೂಲೆಗೆ ನೂಕಿ ಹೊಡೆಯಲು ಪಂಚಾಯ್ತಿದಾರನು ಅಡ್ಡಬಂದು ಯುದ್ಧವನ್ನು ನಿಲ್ಲಿಸಿದನು. ಎರಡು ತಿಂಗಳಲ್ಲಿ ಎರಡು ಸೋಲು. ಆದರೆ ಆ ಹೊಡೆತಗಳಲ್ಲಿ ಗೆದ್ದವನ ಕೈ ಮುರಿದಿದ್ದಿತು. ಅವನು ಮುಂದಿನ ಯುದ್ಧಕ್ಕೆ ನಿಲ್ಲಲಾರದೆ ಹೋದನು. ನಿಯಮದ ಪ್ರಕಾರ ಸೋತವನಿಗೆ ಆ ಸ್ಥಾನ ಬಂದಿತು. ಹೋಸ್ಟನು ಹಿಂತಿರುಗಿ ಬಂದು, ಕಾಲಿನ ನೋವಿನಿಂದ ಮುಂದುವರಿಯಲಾರದೆ ಹೋದ ರೇ ಸೆಫೋವನ್ನು ದಾಟಿ, ಫ್ರಾನ್ಸಿನ ಜೆರೋಮ್ ಲೆ ಬ್ಯಾನರ್‌ನನ್ನು ಕಡೆಯ ಯುದ್ಧದಲ್ಲಿ ಎದುರಿಸಿದನು. ಹೋಸ್ಟನ ಒದೆತಗಳನ್ನು ತಡೆದು ತಡೆದು ಲೆ ಬ್ಯಾನರ್‌ನ ಎಡತೋಳಿನ ಮೂಳೆ ಮುರಿಯಿತು. ೩೭ ವರ್ಷದ ಹೋಸ್ಟನಿಗೆ ನಾಲ್ಕನೆಯ ಕಿರೀಟ.

ಅದೇ ರಾತ್ರಿ ಸೋತವನು ಆ ರಾತ್ರಿಯ ಜಗಜ್ಜಟ್ಟಿಯಾಗುವುದು ನ್ಯಾಯವೆ? ಅಲ್ಲವೆಂದು ವಾದಿಸುವವರ ಪಕ್ಷ ದುರ್ಬಲವಾದುದಲ್ಲ. ಕಿರೀಟವೆಂದರೆ ಶ್ರೇಷ್ಠನ ಗುರುತು. ಸ್ಯಾಪ್‌ನಿಗಿಂತ ಹೋಸ್ಟನು ಶ್ರೇಷ್ಠನೆಂದು ಆ ರಾತ್ರಿ ಯಾವ ರೀತಿಯಲ್ಲೂ ಸ್ಥಾಪಿತವಾಗಲಿಲ್ಲ ಎಂದು ಅವರು ಹೇಳುತ್ತಾರೆ. ಆದರೆ ಇದರ ಹಿಂದಿನ ವರ್ಷದ ಸಂಗತಿಯನ್ನು ಇದರೊಡನಿಟ್ಟು ನೋಡಬೇಕು. ೨೦೦೧ರಲ್ಲಿ ಹೋಸ್ಟನು ಜರ್ಮನಿಯ ಸ್ಟೆಫಾನ್ ಲೆಕೋ ಎಂಬುವನನ್ನು ಗೆದ್ದು, ತಾನು ಗಾಯಗೊಂಡುದರಿಂದ ಹಿಂದೆಗೆದನು. ಸೋತ ಲೆಕೋ ಅವನ ಸ್ಥಾನದಲ್ಲಿ ಮುಂದಕ್ಕೆ ಹೋದನು. ಯಾವ ನಿಯಮವು ಒಂದು ವರ್ಷ ಅವನಿಂದ ಕಿತ್ತುಕೊಂಡಿತೋ ಅದೇ ನಿಯಮವು ಮರುವರ್ಷ ಅವನಿಗೆ ಕೊಟ್ಟಿತು. ಕಳೆದುಕೊಂಡಾಗ ನಿಯಮಕ್ಕೆ ತಲೆಬಾಗಿದವನು ಪಡೆದುಕೊಂಡಾಗ ನಾಚಿಕೊಳ್ಳಬೇಕಾದ ಕಾರಣವಿಲ್ಲ. ಮೇಲಾಗಿ, ಮುರಿದ ಕೈ ಬರಿಯ ಆಕಸ್ಮಿಕವೂ ಅಲ್ಲ. ತನ್ನ ಬಲವನ್ನು ತನ್ನ ಮೂಳೆ ತಡೆಯುವಂತೆ ಪ್ರಯೋಗಿಸುವುದೂ ವಿದ್ಯೆಯ ಒಂದು ಭಾಗವೇ. ಒಂದು ರಾತ್ರಿಯಲ್ಲಿ ಮೂರು ಯುದ್ಧಗಳಿವೆಯೆಂಬುದನ್ನು ಅರಿತು ಹೋರಾಡುವುದು ಇನ್ನೊಂದು ಭಾಗ.

ಇಷ್ಟಾದರೂ ನಮ್ಮ ಮನಸ್ಸಿನಲ್ಲಿ ಒಂದು ಅಸಮಾಧಾನ ಉಳಿಯುತ್ತದೆ. ಅದು ಉಳಿಯುವುದೇ ಒಳ್ಳೆಯದು. ಪರೀಕ್ಷೆಗಳನ್ನು ನಡೆಸಿ ದರ್ಜೆಗಳನ್ನು ಹಂಚುವ ನಮ್ಮಂಥವರಿಗೆ ಇದು ಅಪರಿಚಿತವಾದ ಭಾವವಲ್ಲ. ಒಂದು ದಿನದ ಪರೀಕ್ಷೆಯು ಯೋಗ್ಯತೆಯನ್ನು ಅಳೆಯುತ್ತದೆಂದು ನಾವು ಒಪ್ಪಿಕೊಳ್ಳುತ್ತೇವೆ, ಬೇರೆ ಅಳತೆಗೋಲು ಕೈಗೆ ಸಿಕ್ಕದೆ ಇರುವುದರಿಂದ. ಆದರೆ ಅಳತೆಯೇ ಯೋಗ್ಯತೆಯೆಂದು ಭ್ರಮಿಸಬಾರದು. ಹೋಸ್ಟನ ನಾಲ್ಕನೆಯ ಕಿರೀಟವು ನಿಯಮಕ್ಕೆ ಸರಿಯಾಗಿ ಬಂದುದು. ಅವನ ದೊಡ್ಡತನವು ಮಾತ್ರ ಆ ಕಿರೀಟದಲ್ಲಿಲ್ಲ, ಎರಡು ಸಲ ಬಿದ್ದವನು ಮೂರನೆಯ ಸಲ ಕರೆದಾಗ ಕಣಕ್ಕೆ ಹಿಂತಿರುಗಿ ಬಂದುದರಲ್ಲಿದೆ.

ಉಳಿದುದನ್ನು ಸಂಗ್ರಹವಾಗಿ ಹೇಳಬಹುದು. ೨೦೦೬ನೆಯ ಮೇ ೧೩ರಂದು ಆಮ್‌ಸ್ಟರ್‌ಡಾಮಿನಲ್ಲಿ ಹೋಸ್ಟನಿಗೂ ಸ್ಯಾಪ್‌ನಿಗೂ ಯುದ್ಧ ಗೊತ್ತಾಗಿದ್ದಿತು. ಸ್ಯಾಪ್ ಕರಾರಿನ ವ್ಯಾಜ್ಯದಿಂದ ಕಣಕ್ಕಿಳಿಯಲಿಲ್ಲ. ಆಗ ಹಳೆಯ ಎದುರಾಳಿ ಪೀಟರ್ ಆರ್ಟ್ಸ್ ಸಿದ್ಧತೆಯಿಲ್ಲದೆಯೇ ಮುಂದೆ ಬಂದು ಆ ಸ್ಥಾನವನ್ನು ತುಂಬಿದನು, ಗೆದ್ದವನೂ ಅವನೇ. ಡಿಸೆಂಬರ್ ೨ರಂದು ಟೋಕಿಯೋ ಡೋಮಿನಲ್ಲಿ, ೪೧ನೆಯ ವಯಸ್ಸಿನಲ್ಲಿ, ಹೋಸ್ಟನು ಉಪಾಂತ್ಯದವರೆಗೆ ಬಂದು ಸ್ಕಿಲ್ಟನಿಗೆ ಸೋತು ಆ ಮಹಾಪಂದ್ಯದಿಂದ ನಿವೃತ್ತನಾದನು. ಮುಂದೆ ಸ್ಕಿಲ್ಟನೂ ನಾಲ್ಕು ಕಿರೀಟಗಳನ್ನು ಗಳಿಸಿ ಅವನಿಗೆ ಸಮನಾದನು. ಹೋಸ್ಟನು ಬಹಳ ವರ್ಷಗಳ ಮೇಲೆ ೨೦೧೪ರಲ್ಲಿ ಮತ್ತೊಮ್ಮೆ ಕಣಕ್ಕಿಳಿದುದುಂಟು. ಆದರೆ ನಿವೃತ್ತಿಯ ತರುವಾಯ ಅವನ ಮುಖ್ಯ ಕಾರ್ಯವೆಂದರೆ ಕಿರಿಯರಿಗೆ ವಿದ್ಯೆ ಹೇಳಿಕೊಡುವುದು.

ಈ ಕ್ರೀಡೆಯನ್ನು ನಾವು ಕಣ್ಣುಮುಚ್ಚಿ ಹೊಗಳುತ್ತಿಲ್ಲ. ತಲೆಗೆ ಬೀಳುವ ಏಟುಗಳು ಮಿದುಳನ್ನು ಕೆಡಿಸುವುವೆಂದು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯನು ೧೯೨೮ರಷ್ಟು ಹಿಂದೆಯೇ ಬರೆದನು; ಅಲ್ಲಿಂದೀಚೆಗೆ ಆ ಜ್ಞಾನವು ಬೆಳೆದಿದೆಯೇ ಹೊರತು ಕುಗ್ಗಿಲ್ಲ. ತನ್ನ ಮಗನನ್ನು ಈ ಕಣಕ್ಕೆ ಕಳುಹಿಸಲು ಹಿಂಜರಿಯುವ ತಂದೆಯನ್ನು ನಾವು ಹೇಡಿಯೆನ್ನಲಾರೆವು. ಪಂಚಾಯ್ತಿದಾರನು ಹೋಸ್ಟನ ಯುದ್ಧವನ್ನು ನಿಲ್ಲಿಸಿದ ಆ ಕ್ಷಣವು, ನೋಡುವವರಿಗೆ ಅವಮಾನವಾಗಿ ಕಂಡರೂ, ಈ ಕ್ರೀಡೆಯ ಅತ್ಯಂತ ನಾಗರಿಕವಾದ ಕ್ಷಣವಾಗಿದ್ದಿತು. ಅದು ಅವನನ್ನು ಉಳಿಸಿತು, ಉಳಿದವನು ಗೆದ್ದನು.

ನೂರಕ್ಕೂ ಹೆಚ್ಚು ಸಲ ಕಣಕ್ಕಿಳಿದ ಈ ಮನುಷ್ಯನಿಗೆ ಲೋಪವಿಲ್ಲದವನೆಂಬ ಹೆಸರು ಬಂದಿತಷ್ಟೆ. ಸೋಲುಗಳ ಪಟ್ಟಿಯನ್ನು ನೋಡಿದರೆ ಆ ಹೆಸರು ಸುಳ್ಳೆಂದು ತೋರುತ್ತದೆ. ಆದರೆ ಒಂದು ಹೊಡೆತಕ್ಕೂ ಅದರ ಹಿಂದೆ ಬರುವ ಒದೆತಕ್ಕೂ ಇರುವ ಸಂಬಂಧವನ್ನು ಇಪ್ಪತ್ತು ವರ್ಷ ತಿದ್ದಿ ತಿದ್ದಿ ಬರೆದವನಿಗೆ ಆ ಹೆಸರು ಸಲ್ಲುತ್ತದೆಯೆಂದೇ ನಮ್ಮ ಅಭಿಪ್ರಾಯ. ಲೋಪವಿಲ್ಲದಿರುವುದು ಫಲದಲ್ಲಿ ಅಲ್ಲ, ಅಭ್ಯಾಸದಲ್ಲಿ. ಫಲವನ್ನು ಮುರಿದ ಕೈಯೊಂದು ಅತ್ತಿತ್ತ ಮಾಡಬಹುದು. ಅಭ್ಯಾಸವನ್ನು ಯಾರೂ ಅವನಿಂದ ಕಿತ್ತುಕೊಳ್ಳಲಾರರು.